ಸಂಪಾದಕೀಯ: ಯಾರ ಮನೆಯದು?

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರ ಈ ಸಂಘವು ರಾಜ್ಯೋತ್ಸವದ ಅಂಗವಾಗಿ ಹೊರತರುತ್ತಿರುವ ಸ್ಮರಣ ಸಂಚಿಕೆಗೆ 'ಮನೆಯ ಹಳೆಯ ವಸ್ತು' ಎಂಬ ವಿಷಯವನ್ನು ಕಾರ್ಯಕಾರಿ ಸಮಿತಿಯು ಆರಿಸಿದಾಗ, ಸಂಪಾದಕನ ಹೊಣೆ ಹೊತ್ತ ನನಗೆ ಅದು ಪರಕೀಯವೆಂದು ತೋರಲಿಲ್ಲ. ಸಕಲೇಶಪುರದ ಬಿ.ಎಂ. ರಸ್ತೆಯಿಂದ ಒಳಸರಿದ ಓಣಿಯೊಂದರಲ್ಲಿ ಹಳೆಯ ಸಾಮಾನಿನ ಪುಟ್ಟ ಅಂಗಡಿಯನ್ನು ಇಂದಿಗೂ ನಡೆಸುತ್ತಿರುವವರು ನನ್ನ ತೀರ್ಥರೂಪರು. ಊರಿನವರು ಅದನ್ನು 'ಗುಜರಿ ಅಂಗಡಿ' ಎಂದೇ ಕರೆಯುತ್ತಾರೆ. ಅವರಿಗೆ ಅದರಿಂದ ಬೇಸರವಿಲ್ಲ. ಸದಸ್ಯರ ಲೇಖನಗಳಲ್ಲಿ ಹಳೆಯ ವಸ್ತುಗಳ ಚೆಲುವಿನ ವರ್ಣನೆ ಧಾರಾಳವಾಗಿ ಬಂದಿರುವುದರಿಂದ, ಅವುಗಳನ್ನು ಕೊಂಡು ಮಾರಿಯೇ ಬಾಳಿದ ಒಬ್ಬರ ವ್ಯಾಪಾರಧರ್ಮವನ್ನು ಕುರಿತು ನಾಲ್ಕು ಮಾತು ಬರೆಯುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇನೆ.

ಹೇಮಾವತಿಯ ದಂಡೆಯ ಈ ಊರು ಎರಡು ಬಗೆಯ ಬದುಕು ಕೂಡಿದ ಸ್ಥಳ. ಟಿಪ್ಪು ಸುಲ್ತಾನನ ಕಾಲದಲ್ಲಿ ಕಟ್ಟಿ 1792ರಲ್ಲಿ ಪೂರ್ಣಗೊಂಡ, ಎಂಟು ಮೂಲೆಯ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯಿಂದ ಇಡೀ ಸೀಮೆಗೇ ಹೆಸರು ಬಂದ ಕೆಲವು ದಶಕಗಳಲ್ಲಿ ಇಲ್ಲಿಗೆ ಬಿಳಿಯ ಪ್ಲಾಂಟರುಗಳು ಬಂದರು; ಅವರಲ್ಲೊಬ್ಬನಾದ ರಾಬರ್ಟ್ ಎಲಿಯಟ್ 1871ರಲ್ಲಿಯೂ 1894ರಲ್ಲಿಯೂ ಪ್ರಕಟಿಸಿದ ಗ್ರಂಥಗಳಲ್ಲಿ ಈ ಮಲೆಗಳ ಜನಜೀವನವನ್ನು ವಿಸ್ತಾರವಾಗಿ ಬರೆದಿಟ್ಟಿದ್ದಾನೆ. ಆದುದರಿಂದಲೇ ತಂದೆಯವರ ಅಂಗಡಿಯ ಒಂದು ಗೋಡೆಗೆ ಬಂಗಲೆಗಳಿಂದ ಬಂದ ಲಾಟೀನುಗಳೂ, ಅಬರ್ಡೀನಿನಲ್ಲಿ ಎರಕ ಹೊಯ್ದ ಕಾಫಿ ಪಲ್ಪರಿನ ಹೆಸರಿನ ಫಲಕವೂ ಒರಗಿದ್ದರೆ, ಎದುರು ಗೋಡೆಗೆ ಗೌಡರ ಮನೆಗಳ ಅಟ್ಟದಿಂದ ಇಳಿದ ತಾಮ್ರದ ಹಂಡೆ, ಅಡಕತ್ತರಿ, ಅಳಗುಳಿ ಮಣೆ, ಕೊಳಗ, ಸೇರು, ಪಾವುಗಳು ಸಾಲಾಗಿ ಕುಳಿತಿವೆ.

ಯಾರೇ ಆಗಲಿ ಚೀಲ ಬಿಚ್ಚಿ ಒಂದು ಪಾತ್ರೆಯನ್ನು ಮುಂದಿಟ್ಟರೆ, ಗುಜರಿಯವನು ತಕ್ಕಡಿಗೆ ಕೈ ಹಾಕುತ್ತಾನೆ, ನಮ್ಮ ತಂದೆಯವರು, "ಯಾರ ಮನೇದಪ್ಪಾ ಇದು?" ಎಂದು ಕೇಳುತ್ತಾರೆ. "ನಮ್ಮಜ್ಜಿದು ಅಣ್ಣಾ, ಹೆತ್ತೂರು ಕಡೇದು" ಎಂಬ ಉತ್ತರ ಬಂದ ಮೇಲೆ, ಅಜ್ಜಿ ಅದರಲ್ಲಿ ಏನು ಮಾಡುತ್ತಿದ್ದಳು, ಯಾರು ತಂದುಕೊಟ್ಟದ್ದು, ಎಂದಿನಿಂದ ಅಟ್ಟ ಸೇರಿತು ಎಂದು ವಿಚಾರಿಸಿ, ಕೆಂಪು ಬಟ್ಟೆಯ ರಟ್ಟಿನ ಕಿರ್ದಿ ಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಂಡ ಬಳಿಕವೇ ಬೆಲೆಯ ಮಾತು. ಇದು ಕೇವಲ ಕುತೂಹಲವಲ್ಲ. ಕೊಳಗವನ್ನೇ ತೆಗೆದುಕೊಳ್ಳಿ: ಅದರ ಪ್ರಮಾಣವು ಸೀಮೆಯಿಂದ ಸೀಮೆಗೆ ಬೇರೆಯಾಗಿತ್ತು, 1956ರ ತೂಕ ಮತ್ತು ಅಳತೆಗಳ ಕಾಯಿದೆ ಬಂದು, 1958ರಿಂದ ಹಂತಹಂತವಾಗಿ ಕಿಲೋಗ್ರಾಮು ಲೀಟರುಗಳು ಬಳಕೆಗೆ ಬಂದ ಮೇಲೆ ಅವೆಲ್ಲವೂ ಒಟ್ಟಿಗೆ ಮೂಲೆ ಸೇರಿದುವು. ಯಾವ ಊರಿನದೆಂದು ತಿಳಿಯದ ಕೊಳಗವು ಎಷ್ಟು ಭತ್ತದ ಲೆಕ್ಕವನ್ನು ಹೇಳುತ್ತಿತ್ತೆಂದು ಇಂದು ಯಾರು ಬಲ್ಲರು? ಮನೆಯ ಹೆಸರು ಕಳಚಿದೊಡನೆ ಅಳತೆಯ ಪಾತ್ರೆಯು ಅಳತೆಯನ್ನೇ ಕಳೆದುಕೊಳ್ಳುತ್ತದೆ.

ನಮ್ಮ ಈ ಮಹಾನಗರದ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಅಂಥ ಕೊಳಗಗಳು ಕಣ್ಣಿಗೆ ಬೀಳುವುದುಂಟು. ಎಲ್ಲಿಂದ ಬಂದುವೆಂದು ಕೇಳಿದರೆ 'ಸೌತ್ ಕಾ ಮಾಲ್' ಎಂಬ ಒಂದೇ ಉತ್ತರ. ಆ ವ್ಯಾಪಾರಿಗಳನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಹತ್ತು ಕೈ ದಾಟಿ ಬಂದುದಕ್ಕೆ ಅವರು ತಾನೆ ಏನು ಹೇಳಿಯಾರು? ಮೊದಲನೆಯ ಕೈಯಲ್ಲಿಯೇ ಕೇಳಿ ಬರೆದುಕೊಳ್ಳಬೇಕಾದ ಸಂಗತಿ ಅದು, ಮತ್ತು ಆ ಮೊದಲನೆಯ ಕೈ ನಮ್ಮ ತಂದೆಯವರಂಥ ಸಣ್ಣ ಊರಿನ ಅಂಗಡಿಯವರದು.

ವಸ್ತುವಿನ ಪರೀಕ್ಷೆಯಲ್ಲಿಯೂ ಅವರು ಕಣ್ಣಿಗಿಂತ ಬೆರಳನ್ನು ನಂಬುತ್ತಾರೆ. ಹುಳಿ ಹಚ್ಚಿ ಮಣ್ಣಿನಲ್ಲಿ ಹೂತು ಹಸಿರುಗಟ್ಟಿಸಿದ ಹೊಸ ಹಿತ್ತಾಳೆಯು ಮೈಯೆಲ್ಲ ಒಂದೇ ಸಮನೆ ಹಳತಾಗಿರುತ್ತದೆ. ನಿಜವಾಗಿ ಬಳಸಿದ ಸೇರಿನ ಅಂಚಾದರೋ, ತುಂಬಿದ ಕಾಳನ್ನು ಸವರಿ ಸಮಮಾಡುತ್ತಿದ್ದ ಕೈಯ ಕಡೆಗೆ ಮಾತ್ರ ಸವೆದು ನುಣುಪಾಗಿ, ಉಳಿದೆಡೆ ಚೂಪಾಗಿಯೇ ಇರುತ್ತದೆ. ಅಡಕತ್ತರಿಯ ಹಿಡಿಯಲ್ಲಿ ಹೆಬ್ಬೆರಳು ಊರಿದ ಜಾಗ ತಗ್ಗಾಗಿರುತ್ತದೆ. ಗಿರಾಕಿಯ ಬೆರಳನ್ನೇ ಹಿಡಿದು ಆ ತಗ್ಗಿನ ಮೇಲಿರಿಸಿ ತೋರಿಸುವರು. ಹುಣಿಸೆಹಣ್ಣು ಹಾಕಿ ತಿಕ್ಕಿ ಥಳಥಳಿಸುವಂತೆ ಮಾಡಿಕೊಡಿರೆಂದು ಹೋಂಸ್ಟೇಯವರು ಕೇಳಿದರೆ ಮಾತ್ರ, "ಹೊಳಪು ಬೇಕಾದರೆ ಹೊಸದು ತಗೊಳ್ಳಿ ಸ್ವಾಮಿ, ಅಗ್ಗವಾಗಿ ಸಿಗ್ತದೆ" ಎಂದು ನಗುವರು.

ಆದರೆ ನಾನು ಅವರನ್ನು ಅತ್ಯಂತ ಗೌರವದಿಂದ ನೆನೆಯುವುದು ಈ ಪರಿಣತಿಗಾಗಿ ಅಲ್ಲ. ಸಕಲೇಶಪುರ ಆಲೂರುಗಳ ಸಣ್ಣ ಹಿಡುವಳಿದಾರನಿಗೆ ಮಳೆಗಾಲವೆಂದರೆ ಕೈ ಬರಿದಾಗುವ ಕಾಲ. ಕಾಫಿ ಕುಯಿಲು ಮುಗಿದು ಹಣ ಓಡಾಡುವುದು ಮಾಗಿಯ ನಂತರ. ಆಷಾಢದಲ್ಲಿ ಹಂಡೆಯನ್ನು ಹೊತ್ತು ತರುವವನು ಹಂಡೆ ಬೇಡವಾಗಿ ತರುವುದಿಲ್ಲ. ಆದುದರಿಂದ ಮಳೆಗಾಲದಲ್ಲಿ ಕೊಂಡುದನ್ನು ಅವರು ಆ ವರ್ಷದ ಕುಯಿಲು ಮುಗಿಯುವ ತನಕ ಮಾರಾಟಕ್ಕಿಡುವುದಿಲ್ಲ. ಕೊಟ್ಟವನು ಮರಳಿ ಬಂದರೆ, ಕೊಟ್ಟ ಬೆಲೆಯನ್ನಷ್ಟೇ ಪಡೆದು ಹಿಂದಿರುಗಿಸುತ್ತಾರೆ. "ಊರಿನ ಹಂಡೆಗೆಲ್ಲಾ ನಮ್ಮನೆ ಅಟ್ಟವೇ ಗತಿ" ಎಂದು ತಾಯಿಯವರು ಗೊಣಗಿದರೂ, ಆ ಹಂಡೆಗಳಿಗೆ ಜಾಗ ಮಾಡಿಕೊಡುತ್ತಿದ್ದವರು ಅವರೇ. ಕೊಳ್ಳುವವರಿಗೆ ತಂದೆಯವರು ಊರನ್ನೂ ಉಪಯೋಗವನ್ನೂ ಹೇಳುವರು. ಮನೆಯ ಹೆಸರು ಮಾತ್ರ ಕಿರ್ದಿಯನ್ನು ದಾಟದು. ಒಬ್ಬರ ಕಷ್ಟದ ದಿನವು ಇನ್ನೊಬ್ಬರ ಪಡಸಾಲೆಯ ಕಥೆಯಾಗಬಾರದೆಂಬುದು ಅವರ ನಿಯಮ.

ಇನ್ನು ಅವರು ಮುಟ್ಟದ ವಸ್ತುಗಳೂ ಉಂಟು. ದೇವರ ವಿಗ್ರಹ, ಓಲೆಗರಿ, ಗದ್ದೆಯ ಬದುವಿನಲ್ಲಿ ಸಿಕ್ಕಿದ ವೀರಗಲ್ಲು, ಇವು ಯಾವುವೂ ಅಂಗಡಿಯ ಹೊಸಲು ದಾಟುವಂತಿಲ್ಲ. ನೂರು ವರ್ಷ ಮೀರಿದ ಕಲಾವಸ್ತುಗಳನ್ನೂ, ಎಪ್ಪತ್ತೈದು ವರ್ಷ ಮೀರಿದ ಮಹತ್ತ್ವದ ಹಸ್ತಪ್ರತಿಗಳನ್ನೂ ಪ್ರಾಚ್ಯವಸ್ತುಗಳೆಂದು ಗಣಿಸಿ, ಅವುಗಳ ವ್ಯಾಪಾರಕ್ಕೆ ಪರವಾನಗಿಯನ್ನು ವಿಧಿಸಿ, ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು ನಿಷೇಧಿಸಿದ 1972ರ ಕಾಯಿದೆಯು 1976ರಲ್ಲಿ ಜಾರಿಗೆ ಬಂದುದು ಅವರಿಗೆ ಗೊತ್ತಿಲ್ಲದೆ ಇಲ್ಲ. ಆದರೂ ಕಲ್ಲು ತಂದವರಿಗೆ ಅವರು ಕಾಯಿದೆಯ ಭಯವನ್ನು ತೋರಿಸುವುದಿಲ್ಲ. ಬಿ. ಎಲ್. ರೈಸರು 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು ಹೊರತಂದಾಗ, ಮಂಜರಾಬಾದು ತಾಲ್ಲೂಕಿನ ಶಾಸನಗಳನ್ನು ಅವು ನಿಂತ ಹಳ್ಳಿಯ ಹೆಸರಿನೊಡನೆಯೇ ಅಚ್ಚುಮಾಡಿದರಷ್ಟೆ. ತಂದೆಯವರೂ ಅದೇ ರೀತಿ, "ಆ ಕಲ್ಲಿಗೆ ಮನೆ ಅಂದರೆ ಆ ಬದುವೇ, ಅಲ್ಲೇ ನಿಲ್ಸಿ" ಎಂದು ಹೇಳಿ, ಕಾಫಿ ಕುಡಿಸಿ ಕಳುಹಿಸುತ್ತಾರೆ.

ಊರು ಬಿಟ್ಟು ಬಂದ ನಮ್ಮ ಮನೆಗಳ ಗಾಜಿನ ಕಪಾಟುಗಳಲ್ಲಿಯೂ ಅಜ್ಜಿಯ ಸುಣ್ಣದ ಡಬ್ಬಿಗಳೂ ತಾತನ ಸೇರುಗಳೂ ಇವೆ. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ಅವು ಅಲಂಕಾರದ ಸಾಮಗ್ರಿಗಳಾಗಿ ಕಾಣುವುದು ಅವರ ತಪ್ಪಲ್ಲ. ನಾವು ಹೇಳಿಲ್ಲ, ಅಷ್ಟೆ. ತಂದೆಯವರ ಕಿರ್ದಿಯ ಮಾದರಿಯಲ್ಲಿ ವಸ್ತು, ಮನೆ, ಊರು, ಉಪಯೋಗ ಎಂಬ ನಾಲ್ಕು ಅಂಕಣಗಳ ಖಾಲಿ ಪುಟವನ್ನು ಸಂಚಿಕೆಯ ಕೊನೆಯಲ್ಲಿ ಅಚ್ಚುಮಾಡಿಸಿದ್ದೇವೆ. ಸದಸ್ಯರು ಅದನ್ನು ತಮ್ಮ ನೆನಪಿನಿಂದಲೇ ತುಂಬದೆ, ಊರಿನಲ್ಲಿರುವ ಹಿರಿಯರಿಗೆ ದೂರವಾಣಿ ಮಾಡಿ ಕೇಳಿ ತುಂಬಬೇಕೆಂದು ನನ್ನ ವಿನಂತಿ. ಬಂದ ಪುಟಗಳನ್ನು ಸಂಘದ ಗ್ರಂಥಾಲಯದಲ್ಲಿ ಕಟ್ಟು ಹಾಕಿಸಿ ಇರಿಸಲಾಗುವುದು. ಮನೆತನದ ಹೆಸರು ಪ್ರಕಟವಾಗುವುದು ಇಷ್ಟವಿಲ್ಲದವರು ಹಾಗೆಂದು ಬರೆದರೆ ಸಾಕು.

ಸಂಚಿಕೆಯ ಮೊದಲ ಪ್ರತಿಯು ಸಕಲೇಶಪುರಕ್ಕೆ ಹೋಗಲಿದೆ. ಅಲ್ಲಿಂದ ಬರುವ ತಿದ್ದುಪಡಿಗಳನ್ನು ಮುಂದಿನ ವರ್ಷದ ಸಂಚಿಕೆಯಲ್ಲಿ ಪ್ರಕಟಿಸಲಾಗುವುದು.

ಸಂಪಾದಕ