ಇಳಿಯದೆ ಮೇಲೆದ್ದ ವಿಮಾನ

ಸೋದರಿಯರೇ, ಕಳೆದ ಸಲ ಹಲಸಿನ ಹಪ್ಪಳದ ವಿಷಯ ಬರೆದಿದ್ದೆ. ಈ ಸಲ ನಿಮ್ಮನ್ನು ಒಲೆಯ ಬಳಿಯಿಂದ ಎಬ್ಬಿಸಿ ವಿಮಾನದಲ್ಲಿ ಕೂರಿಸುತ್ತೇನೆ. ಹೆದರಬೇಡಿ, ಕ್ಷೇಮವಾಗಿಯೇ ಇಳಿಸುತ್ತೇನೆ.

ಹೋದ ವರ್ಷ ತಂಗಿಯ ಬಾಣಂತನಕ್ಕೆಂದು ಮುಂಬಯಿಗೆ ಹೋಗಿದ್ದೆ. ವಾಪಸು ಬರುವಾಗ ಅವಳ ಗಂಡ, "ಈ ಮಳೆಯಲ್ಲಿ ಬಸ್ಸಿನಲ್ಲಿ ಕುಲುಕಾಡಿಕೊಂಡು ಹೋಗುವುದು ಬೇಡ ಅಕ್ಕಾ" ಅಂತ ಮಂಗಳೂರಿಗೆ ವಿಮಾನದ ಟಿಕೆಟನ್ನೇ ಮಾಡಿಸಿಬಿಟ್ಟರು. ಆಟಿ ತಿಂಗಳ ಮಳೆ, ಕಿಟಕಿಯಾಚೆ ಬರೀ ಬಿಳಿ ಮೋಡ. ಚಕ್ರ ಹೊರಗೆ ಬಿಟ್ಟ ಸದ್ದು ಕೇಳಿತು. ತೆಂಗಿನ ತಲೆಗಳು ಒಮ್ಮೆ ಕಂಡವು, ಮತ್ತೆ ಮುಚ್ಚಿಹೋದವು. ಇನ್ನೇನು ನೆಲ ಮುಟ್ಟಿತು ಅನ್ನುವಷ್ಟರಲ್ಲಿ ಇಂಜಿನ್ ಭೋರೆಂದು ಮೊರೆಯಿತು. ವಿಮಾನ ಮೂಗೆತ್ತಿ ಮತ್ತೆ ಆಕಾಶಕ್ಕೆ ಏರಿಬಿಟ್ಟಿತು! ಗೊತ್ತಿದ್ದ ದೇವರ ಹೆಸರೆಲ್ಲ ನನ್ನ ಬಾಯಿಗೆ ಬಂತು.

ಹಿಂದಿನ ಸೀಟಿನವರೊಬ್ಬರು, "ಹೊಸ ಪೈಲಟ್ ಇರಬೇಕು, ಇಳಿಸಲಿಕ್ಕೆ ಬರುವುದಿಲ್ಲ" ಅಂತ ಗೊಣಗಿದರು. ನಾನೂ ಮನಸ್ಸಿನಲ್ಲಿ ಹೌದೆಂದುಕೊಂಡೆ. ಸ್ವಲ್ಪ ಹೊತ್ತಿಗೆ ಪೈಲಟ್ಟರ ಧ್ವನಿ ಬಂತು: ಮಳೆಗೆ ರನ್‌ವೇ ಸರಿಯಾಗಿ ಕಾಣಲಿಲ್ಲ, ಇನ್ನೊಮ್ಮೆ ಸುತ್ತಿ ಬರುತ್ತೇವೆ. ಇಪ್ಪತ್ತು ನಿಮಿಷದ ಮೇಲೆ ಹೂ ಇಟ್ಟ ಹಾಗೆ ಇಳಿಸಿದರು. ಗೊಣಗಿದವರು ಮಾತಾಡದೆ ಬ್ಯಾಗು ತೆಗೆದುಕೊಂಡು ಹೋದರು.

ಮನೆಗೆ ಬಂದ ಮೇಲೆ ನನಗೆ ಕುತೂಹಲ ತಡೆಯಲಿಲ್ಲ. ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡೆ. ಇದಕ್ಕೆ 'ಗೋ ಅರೌಂಡ್' ಅನ್ನುತ್ತಾರಂತೆ. ಇಷ್ಟು ಎತ್ತರಕ್ಕೆ ಬಂದಾಗ ರನ್‌ವೇ ಕಾಣಬೇಕು, ವೇಗ ಇಷ್ಟೇ ಇರಬೇಕು, ವಿಮಾನ ನೇರವಾಗಿರಬೇಕು ಅಂತ ಮೊದಲೇ ಲೆಕ್ಕ ಹಾಕಿಟ್ಟಿರುತ್ತಾರೆ. ಯಾವುದೊಂದು ತಪ್ಪಿದರೂ ಇಳಿಯುವ ಆಸೆ ಬಿಟ್ಟು ಮೇಲೇರಬೇಕು. ಹಾಲು ಉಕ್ಕಿ ಬಂದಾಗ ಉರಿ ತಗ್ಗಿಸಲೋ ಬೇಡವೋ ಅಂತ ನಾವು ಯೋಚಿಸುತ್ತಾ ನಿಲ್ಲುತ್ತೇವೆಯೇ? ಹಾಗೆಯೇ ಇದು. ಗಾಬರಿಯ ಗಳಿಗೆಯಲ್ಲಿ ತಲೆ ಓಡುವುದಿಲ್ಲವೆಂದು, ತಣ್ಣಗಿರುವಾಗಲೇ ನಿರ್ಧಾರ ಮಾಡಿಟ್ಟುಕೊಳ್ಳುವುದು.

ಈ ಮೇಲೇರುವ ಮಾತಿನ ಬೆಲೆ ಎಷ್ಟೆಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು ಉರಿಯಿತು. 166 ಜನರಲ್ಲಿ ಉಳಿದವರು ಎಂಟೇ ಮಂದಿ. ಆಗ ಸುಮಾರು ಮನೆಗಳಲ್ಲಿ ಒಲೆ ಹೊತ್ತಲಿಲ್ಲ. ಕಾರಣವೇನೆಂದು ತನಿಖೆಯವರು ಬರೆದದ್ದನ್ನು ಓದಿ ನನಗೆ ಮೈ ಜುಮ್ಮೆಂದಿತು. ಕ್ಯಾಪ್ಟನ್ ಹತ್ತು ಸಾವಿರ ಗಂಟೆಗೂ ಹೆಚ್ಚು ಹಾರಿದ ಅನುಭವಿ. ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದರು. ವಿಮಾನ ಇರಬೇಕಾದ್ದಕ್ಕಿಂತ ತುಂಬ ಎತ್ತರದಲ್ಲಿತ್ತು. ಪಕ್ಕದಲ್ಲಿದ್ದ ಸಹಪೈಲಟ್ ಒಂದಲ್ಲ, ಮೂರು ಸಲ 'ಇಳಿಯುವುದು ಬೇಡ, ಮೇಲೇರಿ' ಎಂದರಂತೆ. ಯಂತ್ರವೂ ಎಚ್ಚರಿಸಿತಂತೆ. ಆದರೂ ಇಳಿಸಿದರು. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಕೊನೆಗೆ ಮತ್ತೆ ಮೇಲೇರಿಸಲು ನೋಡಿದರು. ಅಷ್ಟರಲ್ಲಿ ಹೊತ್ತು ಮೀರಿತ್ತು.

ಇದು ಒಬ್ಬರ ಕತೆಯಲ್ಲ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಮಂಜು ಮುಸುಕಿದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಹೊರಟ ವಿಮಾನದ ಇಂಜಿನಿಯರ್, "ಆ ಇನ್ನೊಂದು ವಿಮಾನ ರನ್‌ವೇ ಬಿಟ್ಟಿಲ್ಲವೇ?" ಅನ್ನುವ ಅರ್ಥದಲ್ಲಿ ಕೇಳಿದ್ದರು. ಕ್ಯಾಪ್ಟನ್ ಆ ಕಂಪನಿಯಲ್ಲೇ ಬಹಳ ಹಿರಿಯರು, ಬೇರೆ ಪೈಲಟ್ಟರಿಗೆ ಪಾಠ ಹೇಳುವವರು. ಬಿಟ್ಟಿದೆ ಎಂದು ಖಡಾಖಂಡಿತವಾಗಿ ಹೇಳಿ ಮುಂದುವರಿದೇಬಿಟ್ಟರು. ಹಿರಿಯರು ಹಾಗೆಂದ ಮೇಲೆ ಕಿರಿಯರು ಸುಮ್ಮನಾದರು. ಇಂಥವನ್ನೆಲ್ಲ ನೋಡಿಯೇ ಆಮೇಲೆ ಪೈಲಟ್ಟರಿಗೆ ಹೊಸದೊಂದು ತರಬೇತಿ ಬಂತು: ಕಿರಿಯರು ಹೆದರದೆ ಹೇಳುವುದು, ಹಿರಿಯರು ಕೇಳುವುದು.

ಕೇಳಿದರೆ ಏನಾಗುತ್ತದೆ ಎಂಬುದಕ್ಕೂ ಒಂದು ಉದಾಹರಣೆ ಇದೆ. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಕ್ಕಿಗಳು ಬಡಿದು ಒಂದು ವಿಮಾನದ ಎರಡು ಇಂಜಿನ್‌ಗಳೂ ಕೈಕೊಟ್ಟವು. ಕೈಯಲ್ಲಿದ್ದದ್ದು ಮೂರೂವರೆ ನಿಮಿಷ. ಕ್ಯಾಪ್ಟನ್ ಸಲ್ಲನ್‌ಬರ್ಗರ್ ವಿಮಾನವನ್ನು ಹಡ್ಸನ್ ನದಿಯ ನೀರಿನ ಮೇಲೇ ಇಳಿಸಿದರು, 155 ಜನರೂ ಬದುಕಿದರು. ಆ ಗಡಿಬಿಡಿಯಲ್ಲೂ ಅವರು ಸಹಪೈಲಟ್ಟನ್ನು, ನಿಮಗೇನಾದರೂ ಹೊಳೆಯುತ್ತದೆಯೇ ಅಂತ ಕೇಳಿದ್ದರಂತೆ! ಸಹಪೈಲಟ್ಟರಿಗೆ ಬೇರೇನೂ ಹೊಳೆಯಲಿಲ್ಲ, ಅದು ಬೇರೆ ಮಾತು. ಕೇಳಿದರಲ್ಲ, ಅದು ದೊಡ್ಡದು.

ಇದನ್ನೆಲ್ಲ ಓದಿದಾಗ ನನ್ನದೇ ಒಂದು ತಪ್ಪು ಕಣ್ಣ ಮುಂದೆ ಬಂತು. ನಾಚಿಕೆ ಬಿಟ್ಟು ಹೇಳುತ್ತೇನೆ.

ನಾಲ್ಕು ವರ್ಷದ ಹಿಂದೆ, ಮಳೆ ಹಿಡಿದ ಹೊಸತು. ಅತ್ತಿಗೆಯ ಮನೆಯ ಗೃಹಪ್ರವೇಶಕ್ಕೆ ಕಾರಿನಲ್ಲಿ ಹೊರಟಿದ್ದೆವು. ದಾರಿಯಲ್ಲಿ ಒಂದು ಮುಳುಗು ಸೇತುವೆ. ಮೇಲೆ ಕೆಂಪು ನೀರು ಹರಿಯುತ್ತಿತ್ತು. ಇವರು ಕಾರು ನಿಲ್ಲಿಸಿ ನನ್ನ ಮುಖ ನೋಡಿದರು. ಹಿಂದೆ ಕೂತಿದ್ದ ಹತ್ತು ವರ್ಷದ ಮಗ, "ಅಮ್ಮಾ, ಬದಿಯ ಕಲ್ಲು ಕಾಣ್ತಾ ಇಲ್ಲ. ತಿರುಗಿ ಹೋಗುವಾ" ಎಂದ. ನಾನು ಏನಂದೆ ಗೊತ್ತೇ? "ಬಾಯಿ ಮುಚ್ಚಿ ಕೂತ್ಕೋ. ದೊಡ್ಡವರಿಗೆ ಗೊತ್ತಾಗ್ತದೆ. ಇಷ್ಟು ದೂರ ಬಂದಾಯ್ತು, ಮುಹೂರ್ತ ಮೀರ್ತದೆ!" ನಡು ಸೇತುವೆಯಲ್ಲಿ ಇಂಜಿನ್ ನಿಂತಿತು. ನೀರು ಸೀಟಿನ ತನಕ ಬಂತು. ಆಚೆ ದಡದ ಪುಣ್ಯಾತ್ಮರು ಹಗ್ಗ ಎಸೆದು ಎಳೆಯದಿದ್ದರೆ ಈ ಅಂಕಣ ಬರೆಯಲು ನಾನಿರುತ್ತಿರಲಿಲ್ಲ, ಮಗನೂ ಇರುತ್ತಿರಲಿಲ್ಲ. ಅದಕ್ಕಿಂತ ನೋವಿನ ಸಂಗತಿಯೆಂದರೆ, ಅಂದಿನಿಂದ ಅವನು ಏನಾದರೂ ಹೇಳುವ ಮುಂಚೆ ನನ್ನ ಮುಖ ನೋಡುತ್ತಿದ್ದ. ಹೇಳಲೋ ಬೇಡವೋ ಅಂತ.

ವಿಮಾನದ ಕತೆ ಓದಿದ ರಾತ್ರಿ ಅವನನ್ನು ಕೂರಿಸಿಕೊಂಡು, "ಆ ದಿನ ನೀನು ಹೇಳಿದ್ದೇ ಸರಿ ಮಗಾ, ನಾನೇ ತಪ್ಪಿದೆ" ಎಂದೆ. ಅವನು ಏನೂ ಅನ್ನಲಿಲ್ಲ, ತಲೆ ತಗ್ಗಿಸಿ ಕೂತ. ಅವತ್ತೇ ಮನೆಯಲ್ಲಿ ಒಂದು ನಿಯಮ ಮಾಡಿದೆವು. ರಸ್ತೆಯ ಮೇಲೆ ನೀರಿದ್ದಾಗ ಯಾರೊಬ್ಬರು 'ತಿರುಗಿ' ಅಂದರೂ ತಿರುಗುವುದು. ಯಾಕೆಂದು ಮನೆಗೆ ಬಂದ ಮೇಲೆ ಕೇಳುವುದು.

ಈ ಮಳೆಗಾಲದಲ್ಲಿ ಅದೇ ಅತ್ತಿಗೆಯ ಮನೆಯ ಸತ್ಯನಾರಾಯಣ ಪೂಜೆಗೆ ಹೊರಟಾಗ, ಅದೇ ಸೇತುವೆ. ನೀರು ಪಾದ ಮುಳುಗುವಷ್ಟೇ ಇದ್ದಿರಬೇಕು. "ಅಪ್ಪಾ, ತಿರುಗಿ" ಅಂದ ಮಗ. ಈ ಸಲ ನನ್ನ ಮುಖ ನೋಡಲಿಲ್ಲ. ಇವರು ಮಾತಿಲ್ಲದೆ ಕಾರು ತಿರುಗಿಸಿದರು. ಪೂಜೆಯೂ ತಪ್ಪಿತು, ಊಟವೂ ತಪ್ಪಿತು. ಆಮೇಲೆ ಬೇರೆಯವರು ಸಲೀಸಾಗಿ ದಾಟಿದರೆಂದು ತಿಳಿಯಿತು. ಅತ್ತಿಗೆ ಇನ್ನೂ ಮುನಿಸಿಕೊಂಡೇ ಇದ್ದಾರೆ. ಇರಲಿ, ಒಂದು ಡಬ್ಬಿ ಹಲಸಿನ ಹಪ್ಪಳ ಕಳಿಸಿ ಸಮಾಧಾನ ಮಾಡುತ್ತೇನೆ.

ನಿಮ್ಮ ಮನೆಯಲ್ಲೂ ಮಗಳೋ ಸೊಸೆಯೋ ಮೆಲ್ಲಗೆ 'ಬೇಡ' ಅನ್ನುವವರು ಇರುತ್ತಾರೆ. ಮುಂದಿನ ಸಲ ಅವರ ಬಾಯಿ ಮುಚ್ಚಿಸುವ ಮುಂಚೆ ಬಜ್ಪೆಯನ್ನು ಒಮ್ಮೆ ನೆನೆಯಿರಿ. ಮತ್ತೆ ಯಾವಾಗಲಾದರೂ ನೀವು ಕೂತ ವಿಮಾನ ಇಳಿಯದೆ ಮೇಲೆದ್ದರೆ ಬೆಲ್ಟು ಬಿಚ್ಚಬೇಡಿ, ಗೊಣಗಲೂ ಬೇಡಿ. ಮುಂದೆ ಕೂತವರಲ್ಲಿ ಒಬ್ಬರು ಹೇಳಿದ್ದಾರೆ, ಇನ್ನೊಬ್ಬರು ಕೇಳಿದ್ದಾರೆ ಅಂದುಕೊಳ್ಳಿ. ಏನಂತೀರಿ?