ಗಾಳಿಗೆ ಬ್ಯಾಕಪ್ ಇತ್ತು, ಫೋನಿಗೆ ಇರಲಿಲ್ಲ

ಮೆಕ್ಸಿಕೋಗೆ ಹೋಗ್ತೀನಿ ಅಂದಾಗ ಎಲ್ಲರೂ ಹೇಳಿದ್ದು ಒಂದೇ ಮಾತು: "ಹುಷಾರು ಕಣೋ, ಅಲ್ಲಿ ಕಳ್ಳರು ಜಾಸ್ತಿ." ಐದು ದಿನ ಇದ್ದು ಬಂದೆ. ಒಬ್ಬ ಕಳ್ಳನೂ ಸಿಗಲಿಲ್ಲ. ಆದರೆ ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಫೋನ್ ಇಲ್ಲ, ಇದ್ದ ಎರಡು ಕಾರ್ಡೂ ಕೆಲಸಕ್ಕಿಲ್ಲ, ಊರಲ್ಲಿರುವ ಅಮ್ಮನಿಗೆ ಸುದ್ದಿ ಮುಟ್ಟಿಸೋಕೆ ದಾರಿಯಿಲ್ಲ ಅನ್ನೋ ಸ್ಥಿತಿಗೆ ಬಂದಿದ್ದೆ. ಇಷ್ಟನ್ನೂ ಮಾಡಿಕೊಂಡವನು ನಾನೇ.

ಆಫೀಸ್ ಕೆಲಸಕ್ಕೆ ಮೂರು ವಾರ ಡಲ್ಲಾಸ್‌ಗೆ ಹೋಗಿದ್ದೆ. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಮೆಕ್ಸಿಕೋಗೆ ಪ್ರತ್ಯೇಕ ವೀಸಾ ಬೇಡ. ಮುರ್ಡೇಶ್ವರದ ಹತ್ತಿರ ನೇತ್ರಾಣಿಯಲ್ಲಿ ಸ್ಕೂಬಾ ಕಲಿತ ದಿನದಿಂದ ಕೊಸುಮೆಲ್ ದ್ವೀಪದ ಕನಸು ತಲೆಯಲ್ಲಿತ್ತು. ಕೆಲಸ ಮುಗಿದ ಮೇಲೆ ರಜೆ ಹಾಕಿ, ಲ್ಯಾಪ್‌ಟಾಪನ್ನು ಡಲ್ಲಾಸ್‌ನ ಗೆಳೆಯನ ಮನೆಯಲ್ಲಿಟ್ಟು ಹೊರಟೆ. ಕ್ಯಾನ್‌ಕೂನ್‌ವರೆಗೆ ವಿಮಾನ, ಅಲ್ಲಿಂದ ಪ್ಲಾಯಾ ದೆಲ್ ಕಾರ್ಮೆನ್‌ಗೆ ಬಸ್ಸು, ಆಮೇಲೆ ಮುಕ್ಕಾಲು ಗಂಟೆ ಫೆರ್ರಿ.

ಕಳ್ಳರ ಭಯಕ್ಕೆ ನಾನು ಮಾಡಿಕೊಂಡ ತಯಾರಿ ಕೇಳಿ. ಸಿಮ್ ಕದ್ದುಬಿಟ್ಟರೆ ಅಂತ ನನ್ನ ಇಂಡಿಯಾ ನಂಬರನ್ನು ಇ-ಸಿಮ್ ಮಾಡಿಸಿದ್ದೆ. ಕಾರ್ಡ್ ಕದ್ದುಬಿಟ್ಟರೆ ಅಂತ ಪ್ರತಿ ಸಲ ಬಳಸಿದ ಮೇಲೂ ಆ್ಯಪ್‌ನಲ್ಲಿ 'ಇಂಟರ್‌ನ್ಯಾಷನಲ್' ಬಟನ್ ಆಫ್ ಮಾಡ್ತಿದ್ದೆ. ಇಮೇಲ್‌ಗೆ ಟೂ ಫ್ಯಾಕ್ಟರ್ ಇತ್ತು, ಅದರ ಬ್ಯಾಕಪ್ ಕೋಡ್‌ಗಳು ಫೋನಿನ ನೋಟ್ಸ್‌ನಲ್ಲಿದ್ದವು. ಸಾಫ್ಟ್‌ವೇರ್ ಇಂಜಿನಿಯರ್ ಅಲ್ವಾ, ಸೆಕ್ಯುರಿಟಿ ಅಂದ್ರೆ ನನಗೆ ಗೊತ್ತು ಅನ್ನೋ ಜಂಬ ಬೇರೆ.

ಅಮ್ಮ ಮಾತ್ರ ಹೊರಡುವಾಗ, "ದುಡ್ಡು ಎಲ್ಲಾ ಒಂದೇ ಕಡೆ ಇಡ್ಬೇಡ ಕಣೋ" ಅಂದಿದ್ದಳು. ಅವಳ ಸಮಾಧಾನಕ್ಕೆ ನೂರು ಡಾಲರಿನ ಒಂದು ನೋಟನ್ನು ಪಾಸ್‌ಪೋರ್ಟ್ ಕವರಿನೊಳಗೆ ತುರುಕಿದ್ದೆ.

ಎರಡನೇ ದಿನ ಪಾಲಂಕಾರ್ ರೀಫ್ ಕಡೆ ಬೋಟು ಹೊರಟಿತು. ಕೊಸುಮೆಲ್‌ನಲ್ಲಿ ಮಾಡೋದು ಡ್ರಿಫ್ಟ್ ಡೈವಿಂಗ್. ನೀರಿನ ಸೆಳೆತವೇ ನಮ್ಮನ್ನು ಹೊತ್ತೊಯ್ಯುತ್ತೆ, ಬೋಟು ಮೇಲಿನಿಂದ ಹಿಂಬಾಲಿಸುತ್ತೆ. ಅಂದ್ರೆ ನಾವು ಕೆಳಗಿರುವ ಅಷ್ಟೂ ಹೊತ್ತು ಫೋನು, ಪರ್ಸು ಬೋಟಲ್ಲೇ. ಫೋನನ್ನು ಡ್ರೈ ಬ್ಯಾಗಿಗೆ ಹಾಕಿ, ಬಾಯಿ ಒಂದೇ ಸುತ್ತು ಮಡಚಿ, ಕ್ಲಿಪ್ ಹಾಕಿ ಕೆಳಗಿಟ್ಟೆ. ಆ ಬ್ಯಾಗನ್ನು ಕನಿಷ್ಠ ಮೂರು ಸುತ್ತು ಮಡಚಬೇಕು. ಗೊತ್ತಿತ್ತು, ಆದರೆ ಅವಸರ. ನನ್ನ ಫೋನು ಐಪಿ68, ಏನೂ ಆಗಲ್ಲ ಅನ್ನೋ ಧೈರ್ಯ. ಆ ರೇಟಿಂಗ್ ಕೊಡೋದು ಹೊಸ ಫೋನನ್ನು ಸಿಹಿನೀರಲ್ಲಿ ಪರೀಕ್ಷಿಸಿ. ಹಿಂದಿನ ವರ್ಷ ಸ್ಕ್ರೀನ್ ಒಡೆದು ಬದಲಾಯಿಸಿದಾಗ ನನ್ನ ಫೋನಿನ ಸೀಲ್ ಹೋಗಿರಬಹುದು ಅಂತ ಯೋಚಿಸಿಯೇ ಇರಲಿಲ್ಲ.

ಎರಡು ಡೈವ್ ಮುಗಿಸಿ ಬಂದು ನೋಡಿದರೆ ಬ್ಯಾಗು ಬೋಟಿನ ತಳದ ಉಪ್ಪುನೀರಲ್ಲಿ ತೇಲ್ತಾ ಇತ್ತು. ಒಳಗೂ ಅದೇ ನೀರು. ಫೋನ್ ಒಂದು ಸಲ ಮಿನುಗಿ ಕಪ್ಪಾಯ್ತು.

ಆಮೇಲೆ ಒಂದೊಂದೇ ಬಾಗಿಲು ಮುಚ್ಚಿಕೊಂಡಿತು. ಕಾರ್ಡುಗಳು ಆಫ್ ಆಗಿದ್ದವು, ಆನ್ ಮಾಡೋ ಆ್ಯಪ್ ಸತ್ತ ಫೋನಿನಲ್ಲಿ. ಗೆಸ್ಟ್ ಹೌಸ್ ಒಡತಿಯ ಫೋನಿನಿಂದ ಬ್ಯಾಂಕಿಗೆ ಮಾಡಿದರೆ, ನೋಂದಾಯಿತ ನಂಬರಿಗೆ ಬಂದ ಒಟಿಪಿ ಹೇಳಿ ಅಂತು. ಮಾಮೂಲಿ ಸಿಮ್ ಆಗಿದ್ದರೆ ತೆಗೆದು ಅವರ ಫೋನಿಗೆ ಹಾಕಬಹುದಿತ್ತು. ಇ-ಸಿಮ್ ಎಲ್ಲಿಂದ ತೆಗೀಲಿ? ಇಮೇಲ್ ತೆರೆಯೋಣ ಅಂದ್ರೆ 'ನಿಮ್ಮ ಫೋನಿನಲ್ಲಿ ಹೌದು ಒತ್ತಿ' ಅಂತು. ಕಳ್ಳನಿಗೆ ಅಂತ ಹಾಕಿದ ಬೀಗಗಳೆಲ್ಲ ಗಟ್ಟಿಯಾಗಿಯೇ ಇದ್ದವು. ಹೊರಗೆ ನಿಂತಿದ್ದವನು ಮಾತ್ರ ನಾನು.

ರೂಮಿಗೆ, ಡೈವ್‌ಗೆ ಮೊದಲೇ ದುಡ್ಡು ಕಟ್ಟಿದ್ದೆ. ಊಟಕ್ಕೆ, ಫೆರ್ರಿಗೆ, ಬಸ್ಸಿಗೆ ಆಧಾರ ಅಂದ್ರೆ ಅಮ್ಮನ ಮಾತಿಗೆ ಇಟ್ಟಿದ್ದ ಆ ನೂರು ಡಾಲರ್. ಪಾಸ್‌ಪೋರ್ಟ್ ತೋರಿಸಿ ಪೆಸೊ ಮಾಡಿಸಿಕೊಂಡೆ. ಸಂಜೆ ಗಾಡಿಯೊಂದರಲ್ಲಿ ಟಾಕೋ ತಿಂದು, ಇಪ್ಪತ್ತರ ನೋಟುಗಳು ಅಂದುಕೊಂಡು ನಾಲ್ಕು ನೀಲಿ ನೋಟು ಕೊಟ್ಟೆ. ಗಾಡಿಯವನು ಒಂದನ್ನು ವಾಪಸ್ ಕೊಟ್ಟು, ಬೆರಳಿಂದ ಸೊನ್ನೆಗಳನ್ನು ತೋರಿಸಿದ. ಐನೂರರ ನೋಟು! ನಮ್ಮ ಲೆಕ್ಕದಲ್ಲಿ ಎರಡು ಸಾವಿರ ರೂಪಾಯಿಗೂ ಮೇಲೆ. 2018ರಲ್ಲಿ ಬಂದ 500ರ ನೋಟೂ ನೀಲಿ, ಹಳೆಯ 20ರ ನೋಟೂ ನೀಲಿ, ಎರಡರ ಮೇಲೂ ಬೆನಿಟೊ ಹುವಾರೆಸ್ ಚಿತ್ರ. ಹಿಂದುಗಡೆ ತಿಮಿಂಗಿಲ ಇದ್ದರೆ ಅದು 500. ಯಾರಿಗೆ ಹೆದರಿ ಅಷ್ಟೆಲ್ಲ ಬೀಗ ಹಾಕಿಕೊಂಡಿದ್ದೆನೋ, ಆ ಊರಿನವನೇ ನನ್ನ ದುಡ್ಡು ಉಳಿಸಿಕೊಟ್ಟ.

ಇನ್ನು ಅಮ್ಮ. ದಿನಾ ಬೋಟು ಹತ್ತುವ ಮೊದಲು, ಅಲ್ಲಿ ಬೆಳಿಗ್ಗೆ 8, ಹಾಸನದಲ್ಲಿ ಸಂಜೆ 6.30, ಅವಳಿಗೆ ಫೋನ್ ಮಾಡ್ತಿದ್ದೆ. ಸಮುದ್ರದೊಳಗೆ ಇಳಿಯೋ ಮಗ, ಅವಳಿಗೆ ಆ ಒಂದು ಕಾಲ್ ಬೇಕೇ ಬೇಕು. ನನಗೆ ಬಾಯಿಪಾಠ ಬರೋದೂ ಅವಳ ನಂಬರ್ ಒಂದೇ, ಅದೂ ಪಿಯು ಹಾಸ್ಟೆಲ್‌ನ ಕಾಯಿನ್ ಬಾಕ್ಸ್ ಕಾಲದ್ದು. ರಾತ್ರಿ ಒಡತಿಯ ಫೋನಿಂದ ಮೂರು ಸಲ ಮಾಡಿದೆ. ಊರಲ್ಲಿ ಬೆಳಗಿನ ಜಾವ, ಅಮ್ಮ ಎದ್ದಿರೋ ಹೊತ್ತು. ಎತ್ತಲಿಲ್ಲ.

ಯಾಕೆ ಎತ್ತಲಿಲ್ಲ ಅಂತ ಹೊಳೆದಾಗ ಹೊಟ್ಟೆಯೊಳಗೆ ಕಸಿವಿಸಿ ಆಯ್ತು. "ಗೊತ್ತಿಲ್ಲದ ಫಾರಿನ್ ನಂಬರ್ ಬಂದ್ರೆ ಎತ್ಲೇಬೇಡಮ್ಮ, ಎಲ್ಲಾ ಮೋಸದೋರು" ಅಂತ ಕಲಿಸಿಕೊಟ್ಟವನು ನಾನೇ. ಪ್ಲಸ್ 52ರಿಂದ ಶುರುವಾಗೋ ಆ ನಂಬರ್ ನೋಡಿ, ಪಾಪ, ಹೇಳಿದ ಹಾಗೇ ಕೇಳಿದ್ದಳು. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಸರಿಯಾಗಿ 8ಕ್ಕೆ ಮತ್ತೆ ಮಾಡಿದೆ. ಈ ಸಲ ಎತ್ತಿದಳು. ನಂಬರ್ ಬೇರೆಯದಾದರೂ ಹೊತ್ತು ನಮ್ಮದಾಗಿತ್ತು.

"ಯಾರು?"

"ಅಮ್ಮಾ, ನಾನು. ನನ್ನ ಫೋನ್ ಹಾಳಾಯ್ತು, ಇದು ಬೇರೆಯವರ ನಂಬರು..."

ಹೇಳುವಾಗಲೇ ಗೊತ್ತಾಯ್ತು. ಮೋಸಗಾರರು ಹೀಗೇ ಶುರು ಮಾಡ್ತಾರೆ ಅಂತ ಅವಳಿಗೆ ನಾನು ಹೇಳಿಕೊಟ್ಟ ಡೈಲಾಗೇ ಇದು. ಆ ಕಡೆ ಎರಡು ಸೆಕೆಂಡ್ ಮೌನ.

"ನನ್ ಮಗನೇ ಆಗಿದ್ರೆ ಹೇಳು, ಚಿಕ್ಕೋನಿದ್ದಾಗ ನಮ್ಮನೆ ಬಾವಿಗೆ ಏನ್ ಹಾಕಿದ್ದೆ?"

"ಅಪ್ಪನ ವಾಚು."

"ಯಾಕೆ?"

"ವಾಟರ್‌ಪ್ರೂಫ್ ಹೌದೋ ಅಲ್ವೋ ನೋಡೋಕೆ."

"ಈಗ ಫೋನಿಗೆ ಏನಾಯ್ತು?"

"ನೀರು ಹೋಯ್ತಮ್ಮಾ."

"ಇಷ್ಟು ವರ್ಷ ಆಯ್ತು, ಬುದ್ಧಿ ಮಾತ್ರ ಹಾಗೇ ಇದೆ" ಅಂದಳು. ಆಮೇಲೆ ಸಣ್ಣ ದನಿಯಲ್ಲಿ, "ಬೆಳಿಗ್ಗೆ ಮೂರು ಸಲ ಮಾಡಿದ್ದು ನೀನೇನಾ? ನೀನೇ ತಾನೇ ಎತ್ಬೇಡ ಅಂದಿದ್ದು..." ಇಬ್ಬರಿಗೂ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ಈಗ ದನಿಯನ್ನೂ ನಕಲು ಮಾಡೋ ಕಾಲ. ಅಮ್ಮ ನನ್ನ ದನಿಯನ್ನು ನಂಬಲಿಲ್ಲ, ಪ್ರಶ್ನೆ ಕೇಳಿದಳು. ನಾನು ಹಾಕಿಕೊಂಡ ಅಷ್ಟೂ ಸೆಕ್ಯುರಿಟಿಯಲ್ಲಿ, ಮೋಸಗಾರನನ್ನು ಹೊರಗಿಟ್ಟು ಮಗನನ್ನು ಒಳಗೆ ಬಿಡೋ ಅಂಥದ್ದು ಅದೊಂದೇ.

ಅವತ್ತು ಡೈವ್ ಮುಗಿಸಿ ಮೇಲೆ ಬರುವಾಗ, 5 ಮೀಟರ್ ಆಳದಲ್ಲಿ 3 ನಿಮಿಷದ ಸೇಫ್ಟಿ ಸ್ಟಾಪ್‌ನಲ್ಲಿ ನಿಂತು ನನ್ನ ಮೈಮೇಲಿನ ಸಾಮಾನು ನೋಡಿಕೊಂಡೆ. ಉಸಿರಾಡೋಕೆ ಒಂದು ರೆಗ್ಯುಲೇಟರ್, ಅದು ಕೈಕೊಟ್ಟರೆ ಇನ್ನೊಂದು. ನನ್ನ ಗಾಳಿಯೇ ಮುಗಿದರೆ ಪಕ್ಕದಲ್ಲಿ ಬಡ್ಡಿ. ಬೋಟು ಕಾಣದಿದ್ದರೆ ಮೇಲೆ ಬಿಡೋಕೆ ಕಿತ್ತಳೆ ಬಣ್ಣದ ಉದ್ದ ಬಲೂನು. ನೀರೊಳಗೆ ಎಲ್ಲದಕ್ಕೂ ಬ್ಯಾಕಪ್ ಇಟ್ಟುಕೊಂಡವನು, ನೆಲದ ಮೇಲೆ ಇಡೀ ಬದುಕನ್ನು ಒಂದೇ ಫೋನಿಗೆ ನೇತುಹಾಕಿದ್ದೆ. ನಮ್ಮ ಕೆಲಸದಲ್ಲಿ ಇದಕ್ಕೆ 'ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್' ಅಂತೀವಿ. ಬೇರೆಯವರ ಡಿಸೈನ್‌ನಲ್ಲಿ ಅದನ್ನು ಹುಡುಕೋಕೆ ನನಗೆ ಸಂಬಳ ಬರುತ್ತೆ.

ಈಗ ಎಲ್ಲಿಗೇ ಹೊರಟರೂ ಇಷ್ಟು ಮಾಡ್ತೀನಿ:

1. ಒಟಿಪಿ ಬರೋ ನಂಬರ್ ಮಾಮೂಲಿ ಸಿಮ್‌ನಲ್ಲಿ, ಒಂದು ಹಳೇ ಫೋನಿನಲ್ಲಿ, ರೂಮಿನ ಲಾಕರ್‌ನಲ್ಲಿ. ಬೋಟಿಗೆ ಹೋಗೋದು ಇನ್ನೊಂದು ಫೋನ್ ಮಾತ್ರ.

2. ಎರಡು ಕಾರ್ಡ್, ಎರಡು ಕಡೆ. ಒಂದನ್ನು ಕಡಿಮೆ ಲಿಮಿಟ್ ಇಟ್ಟು ಆನ್ ಮಾಡಿಯೇ ಬಿಡ್ತೀನಿ. ಪೂರ್ತಿ ಆಫ್ ಮಾಡೋದಕ್ಕಿಂತ ಲಿಮಿಟ್ ಇಳಿಸೋದು ಮೇಲು.

3. ಕ್ಯಾಶ್ ಮೂರು ಪಾಲು: ಜೇಬು, ರೂಮು, ಪಾಸ್‌ಪೋರ್ಟ್ ಕವರ್. ಮೆಕ್ಸಿಕೋದಲ್ಲಿ ಪೆಸೊಗೂ ಡಾಲರ್ ಚಿಹ್ನೆಯನ್ನೇ ಹಾಕ್ತಾರೆ, ಬೆಲೆ ಯಾವುದರಲ್ಲಿ ಅಂತ ಕೇಳಿಯೇ ಕೊಡಿ. ಎಟಿಎಂ ಬ್ಯಾಂಕಿನೊಳಗಿನದ್ದೇ ಬಳಸಿ. ಅದು 'ನಾವೇ ಕನ್ವರ್ಟ್ ಮಾಡಿಕೊಡ್ತೀವಿ' ಅಂದ್ರೆ ಬೇಡ ಅನ್ನಿ, ಅದರ ರೇಟು ಸಾಮಾನ್ಯವಾಗಿ ದುಬಾರಿ.

4. ಬ್ಯಾಕಪ್ ಕೋಡ್, ಟಿಕೆಟ್, ಪಾಸ್‌ಪೋರ್ಟ್ ನಕಲು, ಬ್ಯಾಂಕಿನ ನಂಬರ್ ಕಾಗದದ ಮೇಲೆ. ಹೌದು, ಕಾಗದ.

5. ಮನೆಯವರದ್ದು ಕನಿಷ್ಠ ಎರಡು ನಂಬರ್ ಬಾಯಿಪಾಠ.

ಡೈವ್ ಮಾಡೋರಿಗೆ ಇನ್ನೊಂದು ಮಾತು. ಸಾಲು ಸಾಲು ಡೈವ್ ಮಾಡಿದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಏನಾದರೂ ಆಯ್ತು ಅಂತ ಆ ಕ್ಷಣವೇ ಓಡಿಬರೋಕೆ ಆಗಲ್ಲ. ಆ ಒಂದು ದಿನದ ಖರ್ಚಿಗೂ ಕ್ಯಾಶ್ ಇರಲಿ.

ನನ್ನ ನಂಬರ್ ವಾಪಸ್ ಸಿಕ್ಕಿದ್ದು ಬೆಂಗಳೂರಿಗೆ ಬಂದ ಮೇಲೇ. ಆ ಭಾನುವಾರ ಹಾಸನಕ್ಕೆ ಹೋದೆ. ಅಮ್ಮ ಊಟಕ್ಕೆ ಬಡಿಸ್ತಾ, "ಬಾವಿ ವಿಷಯ ಈಗ ಆ ಹೆಂಗಸಿಗೂ ಕೇಳಿಸ್ತಲ್ಲೋ, ಬೇರೆ ಪ್ರಶ್ನೆ ಇಟ್ಕೋಬೇಕು" ಅಂದಳು. ಅವರಿಗೆ ಕನ್ನಡ ಬರಲ್ಲಮ್ಮ ಅಂದರೂ ಕೇಳಲಿಲ್ಲ. ಹೊಸ ಪ್ರಶ್ನೆ ಗೊತ್ತುಮಾಡಿದ್ದೀವಿ. ಏನು ಅಂತ ನಿಮಗೆ ಹೇಳಲ್ಲ. ನೀವೂ ಇವತ್ತು ರಾತ್ರಿ ಮನೆಗೆ ಫೋನ್ ಮಾಡಿದಾಗ ಒಂದು ಇಟ್ಟುಕೊಳ್ಳಿ.