ತಮ್ಮ ವಿಧೇಯ ವಿದ್ಯಾರ್ಥಿ

ರಜಾ ಅರ್ಜಿಯ ಕೊನೆಗೆ ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿ’ ಎಂದು ಬರೆದು ಸಹಿ ಹಾಕದ ಮಕ್ಕಳು ಅಪರೂಪ. ವಿಧೇಯ ಎಂದರೇನು ಎಂದು ಕೇಳಿದರೆ ‘ಹೇಳಿದ ಮಾತು ಕೇಳುವವನು’ ಎಂಬ ಉತ್ತರ ಬರುತ್ತದೆ. ಉತ್ತರ ಸರಿಯಾಗಿಯೇ ಇದೆ. ಕನ್ನಡದಲ್ಲಿ ಮಾತು ಕೇಳುವುದೆಂದರೆ ಕಿವಿಗೊಡುವುದೂ ಹೌದು, ಅದರಂತೆ ನಡೆಯುವುದೂ ಹೌದು. ಕ್ರೈಸ್ತ ಸಭೆಯ ಹಳೆಯ ಭಾಷೆಗಳಲ್ಲಿ ಒಂದಾದ ಲ್ಯಾಟಿನ್‌ನಲ್ಲಿಯೂ ವಿಧೇಯತೆ ಎಂಬ ಪದ ಹುಟ್ಟಿದ್ದು ‘ಆಲಿಸು’ ಎಂಬ ಅರ್ಥದ ಮೂಲದಿಂದಲೇ.

ಮತ್ತಾಯನ ಸುವಾರ್ತೆಯ 21ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಒಂದು ಕಥೆ ಹೇಳುತ್ತಾರೆ. ತಂದೆ ತನ್ನ ಇಬ್ಬರು ಮಕ್ಕಳಿಗೂ ದ್ರಾಕ್ಷಿ ತೋಟಕ್ಕೆ ಹೋಗಿ ಕೆಲಸ ಮಾಡುವಂತೆ ಹೇಳಿದ. ಒಬ್ಬ ಆಗುವುದಿಲ್ಲ ಎಂದ. ಆಮೇಲೆ ಮನಸ್ಸು ಬದಲಾಯಿಸಿ ಹೋದ. ಇನ್ನೊಬ್ಬ ವಿನಯದಿಂದ ಒಪ್ಪಿಕೊಂಡ. ಆದರೆ ಹೋಗಲೇ ಇಲ್ಲ. ತಂದೆಯ ಇಷ್ಟವನ್ನು ನಡೆಸಿದವನು ಯಾರು ಎಂಬುದು ಯೇಸುವಿನ ಪ್ರಶ್ನೆ.

ಈ ಇಬ್ಬರೂ ನಮ್ಮ ಮನೆಗಳಲ್ಲಿ ಇದ್ದಾರೆ. ‘ಹೂಂ ಅಮ್ಮ’ ಎಂದು ಪುಸ್ತಕ ಹಿಡಿದು ಕುಳಿತು ಒಂದು ಪುಟವನ್ನೂ ಓದದ ಮಗ. ಎದುರು ಮಾತನಾಡಿ ಬೈಸಿಕೊಂಡು, ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಕೊಡ ಎತ್ತಿಕೊಂಡು ನೀರಿಗೆ ಹೊರಡುವ ಮಗಳು. ಅವನಿಗೆ ಒಳ್ಳೆಯ ಹುಡುಗನೆಂಬ ಹೆಸರು, ಅವಳಿಗೆ ಹಟಮಾರಿ ಎಂಬ ಬಿರುದು. ಕ್ರಿಸ್ತನ ಅಳತೆಗೋಲು ಬೇರೆ.

ಇಟಲಿಯ ಸಂತ ಬೆನೆಡಿಕ್ಟರು 6ನೇ ಶತಮಾನದಲ್ಲಿ ಸನ್ಯಾಸಿಗಳಿಗಾಗಿ 73 ಅಧ್ಯಾಯಗಳ ನಿಯಮಾವಳಿಯೊಂದನ್ನು ಬರೆದರು. ಅದರ ಮೊದಲ ಪದವೇ ‘ಆಲಿಸು’. ವಿಧೇಯತೆಯ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಆಜ್ಞೆಯನ್ನು ತಡಮಾಡದೆ ಪಾಲಿಸಬೇಕು. ಗೊಣಗುತ್ತ ಮಾಡಿದ ಕೆಲಸಕ್ಕೆ ಫಲವಿಲ್ಲ. ಆದರೆ ಒಪ್ಪಿಸಿದ ಕೆಲಸ ತನ್ನ ಶಕ್ತಿಗೆ ಮೀರಿದ್ದು ಎನಿಸಿದರೆ ಶಿಷ್ಯನು ಸಮಯ ನೋಡಿ, ತಾಳ್ಮೆಯಿಂದ, ಅಹಂಕಾರವಿಲ್ಲದೆ ತನ್ನ ಕಷ್ಟವನ್ನು ಹೇಳಿಕೊಳ್ಳಬಹುದು. ಮುಖ್ಯ ವಿಷಯಗಳಲ್ಲಿ ಮಠಾಧಿಪತಿಯು ಎಲ್ಲರನ್ನೂ ಕರೆದು ಅಭಿಪ್ರಾಯ ಕೇಳಬೇಕು. ಏಕೆಂದರೆ ದೇವರು ಎಷ್ಟೋ ಸಲ ಉತ್ತಮವಾದುದನ್ನು ಕಿರಿಯನಿಗೇ ತಿಳಿಸುತ್ತಾನೆ. ಶಿಷ್ಯರ ವಿಧೇಯತೆಯಂತೆಯೇ ತನ್ನ ಬೋಧನೆಗೂ ಅವನು ದೇವರ ಮುಂದೆ ಲೆಕ್ಕ ಕೊಡಬೇಕು. ಅಂದರೆ, ಆಲಿಸುವ ಹೊಣೆ ಹಿರಿಯರ ಮೇಲೂ ಇದೆ.

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನಗಳಲ್ಲಿ ಪೋಷಕರು ಇದನ್ನು ನೆನೆಯುವುದು ಒಳ್ಳೆಯದು. ‘ವಿಜ್ಞಾನವನ್ನೇ ತೆಗೆದುಕೋ’ ಎಂದು ತಂದೆ ಹೇಳುತ್ತಾರೆ. ಮಗ ತಲೆಯಾಡಿಸಿ ಕಾಲೇಜು ಸೇರುತ್ತಾನೆ. ಎರಡು ವರ್ಷ ಒಳಗೊಳಗೇ ಕುದಿಯುತ್ತಾನೆ. ಹೊರಗಿನವರಿಗೆ ಇದು ವಿಧೇಯತೆಯಂತೆ ಕಾಣುತ್ತದೆ. ನಿಜವಾಗಿ ಅಲ್ಲಿ ಯಾರೂ ಯಾರ ಮಾತನ್ನೂ ಕೇಳಿಸಿಕೊಂಡಿಲ್ಲ.

ಹಾಗಾದರೆ ಯಾವ ಆಜ್ಞೆ ಬಂದರೂ ತಲೆಬಾಗಬೇಕೇ? ಆಸ್ಟ್ರಿಯಾದ ರೈತ ಫ್ರಾಂಜ್ ಯೇಗರ್‌ಸ್ಟೆಟರ್ ಅವರಿಗೆ ಈ ಪ್ರಶ್ನೆ ಪ್ರಾಣಕ್ಕೇ ಎದುರಾಯಿತು. ಹಿಟ್ಲರನ ಯುದ್ಧ ಅನ್ಯಾಯದ್ದು, ಅದರಲ್ಲಿ ಹೋರಾಡಲಾರೆ ಎಂದು ಅವರು 1943ರಲ್ಲಿ ಹೇಳಿದರು. ಹೆಂಡತಿ ಮಕ್ಕಳ ಗತಿಯನ್ನು ಯೋಚಿಸುವಂತೆ ಬಿಷಪರೇ ಬುದ್ಧಿ ಹೇಳಿದ್ದರು. ಫ್ರಾಂಜ್ ಎಲ್ಲರ ಮಾತಿಗೂ ಕಿವಿಗೊಟ್ಟರು, ಯಾರನ್ನೂ ಹೀಗಳೆಯಲಿಲ್ಲ. ಕೊನೆಗೆ ತಮ್ಮ ಅಂತಃಸಾಕ್ಷಿಯಲ್ಲಿ ಕೇಳಿದ ದೇವರ ಮಾತಿನಂತೆ ನಡೆದರು. ಅದೇ ವರ್ಷ ಆಗಸ್ಟ್ 9ರಂದು ಅವರ ಶಿರಚ್ಛೇದವಾಯಿತು. 2007ರಲ್ಲಿ ಕಥೋಲಿಕ ಸಭೆ ಅವರನ್ನು ಧನ್ಯರೆಂದು ಸಾರಿತು. ಆಜ್ಞೆ ಮೀರಿದ ಆ ರೈತ ಇಂದು ವಿಧೇಯತೆಗೇ ಮಾದರಿ.

ಇಷ್ಟು ದೊಡ್ಡ ಪರೀಕ್ಷೆ ಎಲ್ಲರಿಗೂ ಬರುವುದಿಲ್ಲ. ಆದರೆ ಆಲಿಸುವ ಅಭ್ಯಾಸ ಚಿಕ್ಕ ಚಿಕ್ಕ ಮಾತುಗಳಲ್ಲೇ ಬೆಳೆಯಬೇಕು. ಅಮ್ಮ ಕರೆದಾಗ ಓಗೊಡುವುದು, ಒಪ್ಪಿದ ಕೆಲಸ ಮುಗಿಸುವುದು, ಒಪ್ಪಿಗೆ ಇಲ್ಲದಿದ್ದರೆ ಮುಚ್ಚಿಡದೆ ವಿನಯದಿಂದ ಹೇಳುವುದು: ಇವು ಮಕ್ಕಳ ಪಾಲು. ಮಗು ಮಾತು ಮುಗಿಸುವವರೆಗೆ ಕಾಯುವುದು ದೊಡ್ಡವರ ಪಾಲು. ಎದುರಿಗಿರುವವರ ಮಾತನ್ನೇ ಕೇಳಿಸಿಕೊಳ್ಳದ ಕಿವಿಗೆ ದೇವರ ಮೆಲುದನಿ ಕೇಳಿಸುವುದಾದರೂ ಹೇಗೆ?